ಗುದ್ದಲಿಗೆ ಮುನ್ನ ಕಣ್ಣು

ರಸ್ತೆ ಅಗಲವಾಗಬೇಕೆಂಬುದು ನ್ಯಾಯವಾದ ಬೇಡಿಕೆ. ರೋಗಿಯು ಸಕಾಲದಲ್ಲಿ ಆಸ್ಪತ್ರೆಯನ್ನು ಸೇರುವುದಕ್ಕಿಂತ ಕಲ್ಲು ದೊಡ್ಡದೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬೆಲೆಯನ್ನರಿಯದೆ ಒಡೆಯುವ ಅಧಿಕಾರ ನಮಗುಂಟೆ?

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನವನ್ನರಸುತ್ತಿದ್ದ ಬೀಡನ್ ಎಂಬ ಇಂಜಿನಿಯರರು ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಅದರಿಂದ ದೃಢಪಟ್ಟಿತು. ಅದಕ್ಕೆ ಮೊದಲೇ ಆ ಬಂಡೆ ಜಲ್ಲಿಯಾಗಿದ್ದರೆ, ಕಳೆದುಕೊಂಡದ್ದೇನೆಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಅರಿಯದ ನಷ್ಟಕ್ಕೆ ಪ್ರಾಯಶ್ಚಿತ್ತವಿಲ್ಲ.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, 2010ರಲ್ಲಿ ತಿದ್ದುಪಡಿಯಾದಂತೆ, ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶವಾಗಿಯೂ ಆಚೆಗಿನ 200 ಮೀಟರನ್ನು ನಿಯಂತ್ರಿತ ಪ್ರದೇಶವಾಗಿಯೂ ಗೊತ್ತುಪಡಿಸಿದೆ. ಯಾವ ಪಟ್ಟಿಗೂ ಸೇರದ ಹಾದಿಬದಿಯ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳಿಗೆ ಈ ರಕ್ಷೆಯಿಲ್ಲ. ಅವುಗಳಿಗಿರುವುದು ನಮ್ಮ ವಿವೇಕವೊಂದೇ.

ಆದುದರಿಂದ ಗುದ್ದಲಿಗೆ ಮೊದಲು ಬಲ್ಲವರ ಕಣ್ಣು ಆ ದಾರಿಯಲ್ಲಿ ನಡೆಯಬೇಕು. ದಾನಶಾಸನವು ಹೇಳುವ ಕೆರೆ, ಎಲ್ಲೆಗಳು ಅದು ನಿಂತ ನೆಲದಲ್ಲಿಯೇ ಪೂರ್ಣವಾಗಿ ಅರ್ಥವಾಗುವವು. ಇದ್ದಲ್ಲಿಯೇ ಅಳೆದು, ಓದಿ, ದಾಖಲಿಸಿದ ಮೇಲೆ ರಸ್ತೆ ತುಸು ಬಾಗಲಿ. ಬಾಗಲಾರದಿದ್ದರೆ ಕಲ್ಲು ಜೋಪಾನವಾಗಿ ಸರಿಯಲಿ. ಯಾವ ಮುಂದಿನವರಿಗಾಗಿ ದಾರಿಯನ್ನು ಅಗಲಗೊಳಿಸುತ್ತೇವೆಯೋ, ಈ ಕಲ್ಲುಗಳೂ ಅವರಿಗೇ ಸೇರಿದವು.