ಲಕ್ಕಮ್ಮನ ಅಳತೆ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ; ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಅಕ್ಕಿಗೆ ಅವಳು ಹಾಕಿಕೊಟ್ಟ ಈ ಅಳತೆ ಅಲ್ಯೂಮಿನಿಯಂಗೂ ಸಲ್ಲುತ್ತದೆಯೇ? ಪೀಣ್ಯದಲ್ಲಿ ಲೋಹ ಕಡಿಯುವ ವಿಎಂಸಿ ಯಂತ್ರ ನಡೆಸುವ ನನಗೆ ಇದು ಕಾಯಕದ ಪ್ರಶ್ನೆ.

ನಾವು ಕಡಿಯುವುದು ಹೆಚ್ಚಾಗಿ 6061 ಗ್ರೇಡಿನ ಅಲ್ಯೂಮಿನಿಯಂ, ಆಗಾಗ 7075. ವಿಮಾನದ ಕೆಲವು ಭಾಗಗಳಲ್ಲಂತೂ ಬ್ಲಾಕಿನ ಹತ್ತರಲ್ಲಿ ಒಂಬತ್ತು ಪಾಲು ಚಿಪ್ಸ್ ಆಗಿ ಉದುರುವುದುಂಟು. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ಕರೆಂಟ್ ಬೇಕು. ಚಿಪ್ಸ್ ಕರಗಿಸಿ ಮರಳಿ ಲೋಹ ಮಾಡಲು ಅದರ ಶೇ. 5ರಷ್ಟು ಶಕ್ತಿ ಸಾಕು. ಆದರೆ ಕೂಲಂಟ್ ಎನ್ನುವ ಎಣ್ಣೆನೀರಿನಲ್ಲಿ ತೊಯ್ದು, ಎಲ್ಲ ಗ್ರೇಡೂ ಒಂದೇ ಚೀಲಕ್ಕೆ ಬಿದ್ದರೆ ಅದರ ಯೋಗ್ಯತೆ ಇಳಿಯುತ್ತದೆ. 7075ರ ಸತು 6061ರೊಳಗೆ ಸೇರಿದರೆ ಅದು 6061 ಆಗಿ ಉಳಿಯುವುದಿಲ್ಲ.

“ಧಾರಾಳವಾಗಿ ಬಿಡೋಣ ಸಾರ್, ಕೂಲಂಟ್ ಹೇಗೂ ತಿರುಗಿ ಟ್ಯಾಂಕಿಗೇ ಬರುತ್ತಲ್ಲ” ಎನ್ನುತ್ತಾರೆ ನಮ್ಮ ಹಿರಿಯ ಆಪರೇಟರ್. ಬರುತ್ತದೆ, ಎಲ್ಲವೂ ಅಲ್ಲ. ಸ್ವಲ್ಪ ಚಿಪ್ಸ್ ಜೊತೆ ಹೋಗುತ್ತದೆ, ಸ್ವಲ್ಪ ಮಂಜಾಗಿ ನಮ್ಮ ಎದೆಗೂಡಿಗೆ. ಹಳತಾದರೆ ಸೋಮವಾರ ಬೆಳಿಗ್ಗೆ ಶೆಡ್ ಬಾಗಿಲು ತೆರೆದೊಡನೆ ನಾರುತ್ತದೆ. ಹುಡುಗರ ಬೆರಳ ಸಂದಿಯಲ್ಲಿ ಕಜ್ಜಿ ಏಳುತ್ತದೆ.

ಹಾಗಾದರೆ ಕೂಲಂಟನ್ನೇ ಪೂರ್ತಿ ತೊರೆಯುವುದು ಧರ್ಮವೇ? ಇಲ್ಲಿ ಲೋಹ ಬೇರೆಯೇ ಉತ್ತರ ಕೊಡುತ್ತದೆ. ಕೂಲಂಟ್ ಇಲ್ಲದೆ ಕಡಿದ ಎಂಡ್‌ಮಿಲ್ ಟೂಲನ್ನು ಮಸೂರದಡಿ ಹಿಡಿದು ನೋಡಿ. ಅಂಚಿನ ಮೇಲೆ ಬೆಳ್ಳಗೆ ಅಲ್ಯೂಮಿನಿಯಂ ಮೆತ್ತಿಕೊಂಡಿರುತ್ತದೆ. ಉಗುರಿಗೆ ಜಗ್ಗುವುದಿಲ್ಲ. ಕಡಿಯುವಾಗ ತಾನಾಗಿ ಕಿತ್ತುಬಂದರೆ ಅಂಚಿನ ಚೂರನ್ನೂ ಎಳೆದುಕೊಂಡೇ ಬರುತ್ತದೆ. ಆ ಅಂಚು ಟಂಗ್‌ಸ್ಟನ್ ಕಾರ್ಬೈಡ್. ಅದನ್ನು ಬಂಧಿಸಿ ಹಿಡಿದಿರುವುದು ಕೋಬಾಲ್ಟ್. ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೋದ ಗಣಿಗಳದ್ದು, ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ಅಗೆಯುತ್ತಾರೆ. ಎಣ್ಣೆಯ ಹನಿ ಉಳಿಸಲು ಹೋಗಿ ಆ ಮಕ್ಕಳ ಬೆವರನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಹಾಕುವ ವ್ರತ ನನಗೆ ಬೇಡ.

ಲಕ್ಕಮ್ಮ ಉಪವಾಸ ಮಾಡು ಎನ್ನಲಿಲ್ಲ. ಆ ದಿನದ ಅಕ್ಕಿ ಅವಳಿಗೂ ಬೇಕಿತ್ತು. ಎಷ್ಟು ಬೇಕು ಎಂದು ಹೇಳಲು ಹಸಿವನ್ನೂ ಅನ್ನವನ್ನೂ ಅರಿತಿರಬೇಕು. ತ್ಯಾಗಕ್ಕಿಂತ ಈ ಅರಿವು ಕಷ್ಟದ್ದು ಎಂದೇ ನನ್ನ ನಂಬಿಕೆ. ನಮ್ಮಲ್ಲಿ ಅದರ ರೂಪ ಇಷ್ಟು: ಅಲ್ಯೂಮಿನಿಯಂ ಸೇರಿದ ಲೇಪನವಿರುವ ಟೂಲ್ ಬೇಡ, ಲೋಹ ತನ್ನ ನಂಟನ್ನು ಹುಡುಕಿ ಅಂಟುತ್ತದೆ. ಕನ್ನಡಿಯಂತೆ ಪಾಲಿಶ್ ಆದ, ಹರಿತವಾದ, ಮೂರು ಹಲ್ಲಿನ ಬರೀ ಕಾರ್ಬೈಡ್ ಸಾಕು. ಅಂಚಿಗೆ ಗಾಳಿಯೊಡನೆ ಎಣ್ಣೆಯ ತುಂತುರು, ಗಂಟೆಗೆ 50 ಮಿಲಿಲೀಟರ್‌ಗೂ ಕಡಿಮೆ. ಚಿಪ್ಸ್ ಹೆಚ್ಚುಕಡಿಮೆ ಒಣಗಿಯೇ ಬೀಳುತ್ತವೆ. ಆಳದ ಪಾಕೆಟ್‌ನಿಂದ ಚಿಪ್ಸ್ ಹೊರತಳ್ಳಲು ಕೂಲಂಟ್ ಧಾರೆಯೇ ಬೇಕಾದರೆ ಅಲ್ಲಿ ಧಾರೆ ಬಿಡುವುದೇ ಸರಿ, ಅದೂ ಅಳತೆಯೇ.

ಆಯುಧಪೂಜೆಗೆ ಯಂತ್ರ ತೊಳೆಯುವ ನನ್ನ ಬಂಧುಗಳಲ್ಲಿ ಒಂದು ವಿನಂತಿ. ಹಳೆಯ ಕೂಲಂಟನ್ನು ರಾತ್ರೋರಾತ್ರಿ ಚರಂಡಿಗೆ ಬಿಡಬೇಡಿ. ಗ್ರೇಡಿಗೊಂದು ಚೀಲ ಇಡಿ.