ಅದಕ್ಕೇನು ನೆನಪಿರುತ್ತೆ?

ಕೈಗೂಸು ಇಟ್ಕೊಂಡು ಮನೆ ಬದಲಾಯಿಸೋರಿಗೆಲ್ಲ ಜನ ಒಂದು ಮಾತು ಹೇಳೇ ಹೇಳ್ತಾರೆ. "ಈಗಲೇ ಹೋಗಿಬಿಡೋದು ಒಳ್ಳೇದು. ಸ್ಕೂಲಿಗೆ ಹೋಗೋ ಮಕ್ಕಳಾದ್ರೆ ಕಷ್ಟ. ಇದಕ್ಕೇನು, ನೆನಪೇ ಇರಲ್ಲ." ನಾವು ಧಾರವಾಡ ಬಿಟ್ಟು ಮೈಸೂರಿಗೆ ಬಂದಾಗ ಮಗಳಿಗೆ 7 ತಿಂಗಳು. ಓನರ್ ಆಂಟಿ, ಪಕ್ಕದ ಮನೆಯವರು, ಸಾಮಾನು ಕಟ್ಟೋಕೆ ಬಂದ ಹುಡುಗರು, ಎಲ್ಲರೂ ಇದನ್ನೇ ಹೇಳಿದ್ರು. ನಮ್ಮತ್ತೆಯವರ ಧಾಟಿಯಲ್ಲಿ ಅದು "ಕೂಸಿಗೇನ್ ನೆನಪಿರ್ತದ ಬಿಡವಾ" ಅಂತಾಯ್ತು. ಸಮಾಧಾನಕ್ಕೆ ಅಂತ ಹೇಳೋ ಮಾತು, ಹೇಳಿದವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಮಾತನ್ನ ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸುತ್ತೆ.

ಯಾಕಂದ್ರೆ ಅದರಲ್ಲಿ ಎರಡು ಮಾತುಗಳಿವೆ. ಒಂದು, ಮಗುವಿಗೆ ನೆನಪಿರಲ್ಲ. ಎರಡು, ಆದ್ದರಿಂದ ಪರವಾಗಿಲ್ಲ. ಮೊದಲನೆಯದು ನಿಜ. ನಮ್ಮಲ್ಲಿ ಹೆಚ್ಚಿನವರಿಗೆ ಮೂರು ವರ್ಷಕ್ಕಿಂತ ಹಿಂದಿನ ಘಟನೆಗಳು ನೆನಪಿಗೆ ಬರೋದಿಲ್ಲ. ಫ್ರಾಯ್ಡ್ ಕಾಲದಿಂದಲೂ ಮನಶ್ಶಾಸ್ತ್ರದವರು ಇದರ ಬಗ್ಗೆ ಬರೀತಾ ಬಂದಿದ್ದಾರೆ. ತೊಂದರೆ ಇರೋದು ಎರಡನೆಯದರಲ್ಲಿ. "ನೆನಪಿರಲ್ಲ" ಅನ್ನೋದರಿಂದ "ಪರವಾಗಿಲ್ಲ" ಅನ್ನೋದಕ್ಕೆ ನಾವು ಹಾರಿಬಿಡ್ತೀವಿ. ಆ ಹಾರೋದಕ್ಕೆ ನಡುವೆ ಸೇತುವೆ ಇದೆಯಾ?

ಈ ಹಾರುವಿಕೆ ಎಲ್ಲಿಗೆ ಒಯ್ಯಬಹುದು ಅನ್ನೋದಕ್ಕೆ ವೈದ್ಯಕೀಯದಲ್ಲೇ ಒಂದು ಉದಾಹರಣೆ ಇದೆ. 1980ರ ದಶಕದವರೆಗೂ ಪಶ್ಚಿಮದ ಎಷ್ಟೋ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಆಪರೇಷನ್ ಮಾಡುವಾಗ ನೋವು ತಿಳಿಯದಂತೆ ಸರಿಯಾದ ಅರಿವಳಿಕೆ ಕೊಡ್ತಿರಲಿಲ್ಲ. ಕೈಕಾಲು ಆಡಿಸದಂತೆ ಸ್ನಾಯು ಸಡಿಲಿಸುವ ಔಷಧಿ ಕೊಡ್ತಿದ್ರು, ಅಷ್ಟೇ. ಕಾರಣಗಳು ಹಲವು. ಪುಟ್ಟ ಹೃದಯ ಔಷಧಿ ತಡೆಯಲಾರದು ಅನ್ನೋ ಭಯ ಇತ್ತು. ನರಗಳಿನ್ನೂ ಬಲಿತಿಲ್ಲ ಅನ್ನೋ ನಂಬಿಕೆ ಇತ್ತು. ಜೊತೆಗೆ ನಮ್ಮ ಈ ಮಾತೂ ಇತ್ತು: ಹೇಗೂ ನೆನಪಿರಲ್ಲವಲ್ಲ. ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ, ಬಲವಾದ ನೋವುನಿವಾರಕ ಸಿಕ್ಕವು ಆಪರೇಷನ್ನಿನ ಆಘಾತವನ್ನು ಚೆನ್ನಾಗಿ ತಡಕೊಂಡವು, ಸಿಗದವಕ್ಕೆ ತೊಡಕುಗಳು ಹೆಚ್ಚಾದವು. ನೆನಪಿಲ್ಲದಿದ್ದರೂ ಮೈ ಲೆಕ್ಕ ಇಟ್ಟಿತ್ತು.

ಆದರೆ ಒಂದು ಮಾತು. ತೊಡಕುಗಳು ಹೆಚ್ಚಾಗದೇ ಇದ್ದಿದ್ರೆ ಆ ನೋವು ಪರವಾಗಿಲ್ಲ ಅಂತಿದ್ವಾ? ಇಲ್ಲ ಅಲ್ವಾ? ಆ ಘಳಿಗೆಯಲ್ಲಿ ಒಂದು ಜೀವ ನರಳ್ತಿತ್ತು. ಅಷ್ಟೇ ಸಾಕು. ನಾಳೆ ಮರೆತುಹೋಗುತ್ತೆ ಅನ್ನೋದು ಇವತ್ತಿನ ನೋವನ್ನ ಕಡಿಮೆ ಮಾಡಲ್ಲ.

ಇದೇ ಮಾತನ್ನ ಬದುಕಿನ ಇನ್ನೊಂದು ತುದಿಗೆ ತಗೊಂಡು ಹೋಗಿ. ಮರೆವಿನ ಕಾಯಿಲೆ ಬಂದ ಅಜ್ಜಿ ಇದ್ದಾರೆ ಅಂದ್ಕೊಳ್ಳಿ. ಬೆಳಿಗ್ಗೆ ಬೈದರೆ ಮಧ್ಯಾಹ್ನಕ್ಕೆ ನೆನಪಿರಲ್ಲ. ಹಾಗಂತ ಬೈಬಹುದಾ? ಮಲ್ಲಿಗೆ ಮುಡಿಸಿದ್ರೆ ಸಂಜೆಗೆ ಅದೂ ನೆನಪಿರಲ್ಲ. ಹಾಗಂತ ಮುಡಿಸೋದು ದಂಡವಾ? ಅಜ್ಜಿ ವಿಷಯದಲ್ಲಿ ನಮಗೆ ಉತ್ತರ ಥಟ್ಟನೆ ಗೊತ್ತಾಗುತ್ತೆ. ಮಗುವಿನ ವಿಷಯ ಬಂದಾಗ ಮಾತ್ರ, ಮುಂದೆ ದೊಡ್ಡವರಾಗೋರು ಅಂತಲೋ ಏನೋ, ಈ ವರ್ಷವನ್ನ ಬರೀ ತಯಾರಿ ಅಂದ್ಕೊಳ್ತೀವಿ. ಮಗುವಿಗೆ ಅದು ತಯಾರಿ ಅಲ್ಲ. ಅದರ ಪಾಲಿಗೆ ಅದೇ ಇಡೀ ಬದುಕು. 7 ತಿಂಗಳ ಮಗು ಒಂದು ಮನೆಯಲ್ಲಿ 6 ತಿಂಗಳು ಇತ್ತು ಅಂದ್ರೆ, ತನ್ನ ಆಯುಸ್ಸಿನ ಬಹುಪಾಲು ಅಲ್ಲೇ ಕಳೆದಿದೆ ಅಂತ ಅರ್ಥ.

ಇನ್ನು ನೆನಪು ಅಂದ್ರೆ ಕಥೆಯ ಥರ ಹೇಳಬಲ್ಲ ನೆನಪು ಮಾತ್ರ ಅಂದ್ಕೊಂಡರೆ ಅದೂ ಪೂರ್ತಿ ಸರಿಯಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ ಸಂಗತಿ ಇದು. ಇಂಗ್ಲಿಷ್ ಮಾತಾಡೋರ ಮನೆಯ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ತ, ಟ ಬೇರೆ ಬೇರೆ ಅಂತ ಗುರುತಿಸ್ತಿದ್ವು. 10ರಿಂದ 12 ತಿಂಗಳಾಗೋ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗ್ತಿರಲಿಲ್ಲ. ಹಿಂದಿ ಕೇಳ್ತಾ ಬೆಳೆದ ಕೂಸುಗಳಲ್ಲಿ ಮಾತ್ರ ಅದು ಉಳೀತು. ನಮ್ಮ ತಟ್ಟೆಯ ತ ಮತ್ತು ಟ ನಮಗೆ ಸುಲಭವಾಗಿ ಕಿವಿಗೆ ಬೀಳೋದಕ್ಕೆ, ಯಾರಿಗೂ ನೆನಪಿಲ್ಲದ ಆ ಮೊದಲ ವರ್ಷದಲ್ಲಿ ನಮ್ಮ ಸುತ್ತ ಯಾರೋ ಮಾತಾಡ್ತಾ ಇದ್ದದ್ದೇ ಕಾರಣ. ತಾಯಿ ಕಾರ್ಡ್ ಹಿಡ್ಕೊಂಡು ಲಸಿಕೆಗೆ ಹೋಗ್ತೀವಲ್ಲ, ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತು ತಿಂಗಳಿಗೆ ದಡಾರದ್ದು? ಅದೆಲ್ಲ ನಿಂತಿರೋದು ಒಂದೇ ನಂಬಿಕೆ ಮೇಲೆ: ಮಗು ಮರೆತರೂ ಅದರ ಮೈ ಮರೆಯೋದಿಲ್ಲ. ನೆನಪಿರಲ್ಲ ಅನ್ನೋ ನಾವೇ ಆ ಮೈಯ ನೆನಪನ್ನ ನಂಬಿ ಸೂಜಿ ಚುಚ್ಚಿಸ್ತೀವಿ.

ಹಾಗಾದ್ರೆ ಕೂಸಿರೋರು ಊರೇ ಬಿಡಬಾರದಾ? ಹಾಗಲ್ಲ. ನೆನಪಿಲ್ಲದ್ದಕ್ಕೂ ಬೆಲೆ ಇದೆ ಅಂದ ತಕ್ಷಣ ಅಪ್ಪ ಅಮ್ಮನ ತಲೆ ಮೇಲೆ ಇನ್ನೊಂದು ಅಪರಾಧದ ಮೂಟೆ ಹೊರಿಸೋದು ನನಗೆ ಬೇಡ. ಟ್ರಾನ್ಸ್‌ಫರ್ ಬರುತ್ತೆ, ಬಾಡಿಗೆ ಏರುತ್ತೆ, ಕೆಲಸ ಹೋಗುತ್ತೆ. ಜನ ಹೊರಡಲೇಬೇಕು. ಮತ್ತೆ ಕೂಸಿನ ಮನೆ ಗೋಡೆ ಸೂರುಗಳಿಂದ ಆದದ್ದೂ ಅಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಅದಕ್ಕೆ ಅಮ್ಮನ ಹಾಲಿನ ವಾಸನೆ ಗೊತ್ತಾಗುತ್ತೆ. ದನಿ ಅಂತೂ ಹೊಟ್ಟೆಯಲ್ಲಿದ್ದಾಗಿಂದಲೇ ಪರಿಚಯ. ಹೊದ್ದ ಕೌದಿ, ಸ್ನಾನದ ಹೊತ್ತು, ಎತ್ತಿಕೊಳ್ಳೋ ಕೈ, ಇವೇ ಅದರ ಬಾಗಿಲು ಕಿಟಕಿ. ಇವು ಜೊತೆಗೆ ಬಂದ್ರೆ ಮನೆಯ ದೊಡ್ಡ ಭಾಗ ಬಂದ ಹಾಗೆ. ನಾವು ಬರುವಾಗ ಕೌದಿಯನ್ನ ಒಗೆಯದೇ ತಂದ್ವಿ. ನೋಡಿದವರು ಮೂಗು ಮುರಿದರು, ಮುರೀಲಿ.

ಆದರೆ ಇಲ್ಲೇ ನಿಜವಾದ ಪ್ರಶ್ನೆ ಏಳೋದು. ಕೂಸಿಗೆ ಮನೆ ಅಂದ್ರೆ ಅದನ್ನ ಎತ್ತಿಕೊಂಡವರು ಅನ್ನೋದಾದ್ರೆ, ಆ ಮನೆಯನ್ನ ನೋಡ್ಕೊಳ್ಳೋರು ಯಾರು? ಬಾಣಂತನ ಮುಗಿದಿರುತ್ತೆ, ತವರು ದೂರವಾಗಿರುತ್ತೆ. ಹೊಸ ಊರಲ್ಲಿ ಹಾಲಿನವರು ಯಾರು, ಡಾಕ್ಟರ್ ಎಲ್ಲಿ, ಒಂದೂ ಗೊತ್ತಿರಲ್ಲ. ಅದೇ ಹೊತ್ತಿಗೆ ಮಗು ಹೊಸಬರನ್ನ ಕಂಡರೆ ಅಳೋ ವಯಸ್ಸಿಗೆ ಬಂದಿರುತ್ತೆ, ಇನ್ನೊಬ್ಬರ ಕೈಗೆ ಹೋಗಲ್ಲ. ರಾತ್ರಿ ನಾಲ್ಕು ಸಲ ಎದ್ದು, ಹಗಲು ಡಬ್ಬಗಳನ್ನ ಬಿಚ್ಚೋ ಹೆಂಗಸಿಗೆ "ಮಗುವಿಗೇನು ನೆನಪಿರುತ್ತೆ" ಅಂದ್ರೆ ಸಮಾಧಾನ ಆಗಲ್ಲ. ಅವಳಿಗೆ ಎಲ್ಲ ನೆನಪಿರುತ್ತೆ. ಮಗುವಿಗೆ ಒಳ್ಳೇದಾಗಬೇಕು ಅನ್ನೋರು ಅವಳಿಗೆ ಎರಡು ತಾಸು ನಿದ್ದೆ ಮಾಡೋಕೆ ಬಿಟ್ಟರೆ ಸಾಕು. ಅದು ಮಗುವಿನ ಮನೆಯ ರಿಪೇರಿ.

ಲಾರಿ ಮಾಡಿಸಿ, ಬಾಡಿಗೆ ಅಡ್ವಾನ್ಸ್ ಕೊಟ್ಟು ಬಂದ ನಮ್ಮ ಕಥೆಯೇ ಹೀಗಾದ್ರೆ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರೋರ ಕೂಸುಗಳದ್ದೇನು? ಸೀರೆಯ ಜೋಳಿಗೆ ಕಟ್ಟಿರೋ ಜಾಗವೇ ಮನೆ. ಕಟ್ಟಡ ಮುಗಿದರೆ ಮನೆಯೂ ಎದ್ದುಹೋಗುತ್ತೆ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯೋ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತು. ನಮ್ಮ ಬೀದಿಗಳಲ್ಲಿ ಏಳೋ ಮೂರು ಮಹಡಿ ಮನೆಗೆ 50 ಹೆಂಗಸರು ಎಲ್ಲಿಂದ ಬರಬೇಕು? ಅಲ್ಲಿ ಧೂಳಲ್ಲಿ ಮಲಗಿರೋ ಕೂಸನ್ನ ದಾಟಿ ಹೋಗುವಾಗ ನಮ್ಮನ್ನ ಸುಮ್ಮನಿರಿಸೋದೂ ಬಹುಶಃ ಇದೇ ಮಾತು: ಅದಕ್ಕೇನು ಗೊತ್ತಾಗುತ್ತೆ, ಅದಕ್ಕೇನು ನೆನಪಿರುತ್ತೆ.

ನಮ್ಮ ಒಳ್ಳೆಯತನದ ಬಹುಪಾಲು ಲೆಕ್ಕದ ಭಯದಿಂದ ನಡೆಯುತ್ತೆ. ನಾಳೆ ಇವರು ನೆನಪಿಟ್ಕೊಳ್ತಾರೆ, ನಾಲ್ಕು ಜನರ ಹತ್ತಿರ ಆಡ್ತಾರೆ, ತಿರುಗಿಸಿ ಕೊಡ್ತಾರೆ. ಒಂದು ವರ್ಷದ ಕೂಸು ಇದ್ಯಾವುದನ್ನೂ ಮಾಡಲ್ಲ. ಬೈದರೆ ದೂರಲ್ಲ, ರಾತ್ರಿಯಿಡೀ ಹೆಗಲ ಮೇಲೆ ಹಾಕ್ಕೊಂಡು ತಿರುಗಿದ್ರೆ ಥ್ಯಾಂಕ್ಸ್ ಹೇಳಲ್ಲ. ಹಾಗಾಗಿ ಅದಕ್ಕೆ ಮಾಡಿದ್ದು ಮಾತ್ರ ಲೆಕ್ಕದ ಹೊರಗೆ ಮಾಡಿದ್ದು. ನಮಗೆ ಹಾಗೆ ಯಾರು ಯಾರು ಏನೇನು ಮಾಡಿದ್ರೋ ನಮಗೂ ಗೊತ್ತಿಲ್ಲ. ಸಾಲ ಕೊಟ್ಟವರ ಹೆಸರೇ ಗೊತ್ತಿಲ್ಲದಾಗ ಅದನ್ನ ತೀರಿಸೋಕೆ ಒಂದೇ ದಾರಿ ಉಳಿಯೋದು, ನೆನಪಿಟ್ಕೊಳ್ಳದ ಇನ್ನೊಂದು ಜೀವಕ್ಕೆ ಕೊಡೋದು.