ಅಭಯನ ತೊಡೆಯ ಮೇಲಿನ ಕೂಸು

ನನ್ನ ಕ್ಲಿನಿಕ್ಕಿನ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ದಿನಾ ಒಂದೇ ಮಾತು ಕೇಳಿಸುತ್ತದೆ. "ಏನೂ ಮಾಡಲ್ಲ ಪುಟ್ಟಾ, ಡಾಕ್ಟ್ರು ಸುಮ್ನೆ ನೋಡ್ತಾರೆ ಅಷ್ಟೆ." ಹೇಳುವವರು ಅಪ್ಪ, ಅಮ್ಮ, ಅಜ್ಜಿ, ಒಮ್ಮೊಮ್ಮೆ ಜೊತೆಗೆ ಬಂದ ಪಕ್ಕದ ಮನೆಯವರು. ಕೇಳುವ ಪುಟ್ಟನ ಕೆನ್ನೆ ಅಷ್ಟೊತ್ತಿಗೆ ಬನ್ನಿನ ಹಾಗೆ ಊದಿಕೊಂಡಿರುತ್ತದೆ. ಸುಮ್ಮನೆ ನೋಡಿ ಕಳಿಸುವ ಹಂತವನ್ನು ಆ ಹಲ್ಲು ದಾಟಿ ತಿಂಗಳುಗಳಾಗಿವೆ ಎನ್ನುವುದು ಹೇಳುವವರಿಗೂ ಗೊತ್ತು, ನನಗೂ ಗೊತ್ತು. ಐದು ನಿಮಿಷದಲ್ಲಿ ಪುಟ್ಟನಿಗೂ ಗೊತ್ತಾಗುತ್ತದೆ.

ನಾನು ಶಿವಮೊಗ್ಗದಲ್ಲಿ ಮಕ್ಕಳ ಹಲ್ಲಿನ ಡಾಕ್ಟರು. ಧರ್ಮಶಾಸ್ತ್ರ ಓದಿದವಳಲ್ಲ. ಆದರೆ ಮಗುವಿನ ಒಳ್ಳೆಯದಕ್ಕೇ ಆದರೂ ಅದಕ್ಕೆ ಸುಳ್ಳು ಹೇಳಬಹುದೇ ಎಂಬ ಪ್ರಶ್ನೆಯನ್ನು ಓದಿದವರಿಗೆ ಬಿಟ್ಟು ನಾನು ಸುಮ್ಮನಿರುವ ಹಾಗಿಲ್ಲ. ಸೂಜಿ ನನ್ನ ಕೈಯಲ್ಲಿರುತ್ತದೆ, ಮಗು ನನ್ನ ಮುಖವನ್ನೇ ನೋಡುತ್ತಿರುತ್ತದೆ.

ಹೇಳಬಹುದು ಎನ್ನುವವರ ಕಡೆ ದೊಡ್ಡ ಸಾಕ್ಷಿಗಳೇ ಇದ್ದಾರೆ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ತೊಟ್ಟ ಬ್ರಾಹ್ಮಣ ಅವನು. ದರೋಡೆಕೋರರಿಗೆ ಹೆದರಿ ಕಾಡಿನೊಳಗೆ ಅಡಗಿದವರ ದಾರಿಯನ್ನು, ಕೇಳಿದರೆಂದು, ಆ ದರೋಡೆಕೋರರಿಗೇ ತೋರಿಸಿಕೊಟ್ಟ. ಅಡಗಿದವರು ಸತ್ತರು, ಸತ್ಯವಂತ ನರಕಕ್ಕೆ ಹೋದ. ಕೊಲೆಗಾರ ಮನೆ ಬಾಗಿಲಿಗೆ ಬಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ಜರ್ಮನಿಯ ಕಾಂಟ್ 1797ರಲ್ಲಿ ಬರೆದದ್ದನ್ನು ಕೃಷ್ಣನ ಮುಂದಿಟ್ಟಿದ್ದರೆ ಏನನ್ನುತ್ತಿದ್ದನೋ. ಇನ್ನೊಂದು ಸಾಕ್ಷಿ ಸದ್ಧರ್ಮಪುಂಡರೀಕ ಸೂತ್ರದ ಉರಿಯುವ ಮನೆ. ಮನೆಗೆ ಬೆಂಕಿ ಬಿದ್ದಿದೆ. ಮಕ್ಕಳು ಒಳಗೆ ಆಟದಲ್ಲಿ ಮುಳುಗಿದ್ದಾರೆ, ಬೆಂಕಿ ಎಂದರೇನೆಂದು ತಿಳಿಯದ ವಯಸ್ಸು. ಆಡಿನ ಗಾಡಿ, ಜಿಂಕೆ ಗಾಡಿ, ಎತ್ತಿನ ಗಾಡಿ ತಂದಿದ್ದೇನೆ ಬನ್ನಿ ಎಂದು ಅಪ್ಪ ಹೊರಗಿನಿಂದ ಕೂಗುತ್ತಾನೆ. ಓಡಿ ಬಂದವರಿಗೆ ಹೇಳಿದ ಗಾಡಿಗಳ ಬದಲು ಇನ್ನೂ ದೊಡ್ಡದಾದ, ಬಿಳಿ ಎತ್ತು ಕಟ್ಟಿದ ರಥವನ್ನೇ ಒಬ್ಬೊಬ್ಬರಿಗೂ ಕೊಡುತ್ತಾನೆ. ಅಪ್ಪ ಸುಳ್ಳುಗಾರನೇ ಎಂದು ಬುದ್ಧ ಕೇಳಿದ್ದಕ್ಕೆ ಶಾರಿಪುತ್ರ ಅಲ್ಲ ಎನ್ನುತ್ತಾನೆ. ಬುದ್ಧನೂ ಒಪ್ಪುತ್ತಾನೆ.

ನಮ್ಮ ಅಪ್ಪಂದಿರಿಗೆ ಈ ಸೂತ್ರ ಓದದೆಯೇ ಗೊತ್ತು. "ಐಸ್‌ಕ್ರೀಂ ಕೊಡಿಸ್ತೀನಿ ಬಾ" ಎಂದು ಸ್ಕೂಟರ್ ಹತ್ತಿಸಿ ನೇರ ನನ್ನಲ್ಲಿಗೆ ತರುತ್ತಾರೆ.

ನನಗೆ ಈ ಎರಡು ಕಥೆಗಳಲ್ಲೂ ಕಾಣುವುದು ಬೇರೆಯೇ ಒಂದು ಸಂಗತಿ. ಆ ದರೋಡೆಕೋರರನ್ನು ಕೌಶಿಕ ಮತ್ತೆ ನೋಡಬೇಕಾಗಿರಲಿಲ್ಲ. ಆರು ತಿಂಗಳಿಗೊಮ್ಮೆ ಅದೇ ಮಕ್ಕಳನ್ನು ಅದೇ ಮನೆಯ ಮುಂದೆ ಕರೆಯುವ ಕೆಲಸ ಆ ಅಪ್ಪನಿಗಿರಲಿಲ್ಲ. ಒಂದು ಸಲ ಕೆಲಸ ಮುಗಿಸುವ ಸುಳ್ಳಿಗೆ ಶಾಸ್ತ್ರಗಳು ಕೊಟ್ಟ ರಿಯಾಯಿತಿಯನ್ನು, ದಿನಬೆಳಗಾದರೆ ಮುಖ ನೋಡಬೇಕಾದ ಸಂಬಂಧಕ್ಕೆ ನಾವು ಬಳಸಿಕೊಳ್ಳುತ್ತೇವೆ. ಎರಡನೆಯ ಸಲ ಐಸ್‌ಕ್ರೀಂ ಎಂದರೆ ಮಗು ಸ್ಕೂಟರ್ ಹತ್ತುವುದಿಲ್ಲ. ನಿಜವಾಗಿ ಐಸ್‌ಕ್ರೀಮಿಗೇ ಹೊರಟಿದ್ದರೂ ಹತ್ತುವುದಿಲ್ಲ.

ನನ್ನ ಮಾವನವರು ಕನ್ನಡದ ಮೇಷ್ಟ್ರು. ನಿವೃತ್ತಿಯ ಮೇಲೆ ಪಾಲಿ ಗ್ರಂಥಗಳ ಹುಚ್ಚು ಹತ್ತಿಸಿಕೊಂಡರು. ನನ್ನ ಈ ತಕರಾರು ಕೇಳಿ ಅವರು ತೆಗೆದುಕೊಟ್ಟದ್ದು ಮಜ್ಝಿಮ ನಿಕಾಯದ 58ನೆಯ ಸುತ್ತ (ಸೂತ್ರ). ಅದರಲ್ಲಿ ಅಭಯ ಎಂಬ ರಾಜಕುಮಾರ ಬುದ್ಧನನ್ನು ಮಾತಿನಲ್ಲಿ ಸಿಕ್ಕಿಸಲು ಬರುತ್ತಾನೆ. ಕಳಿಸಿದವನು ನಿಗಂಠ ನಾತಪುತ್ತ, ಅಂದರೆ ಮಹಾವೀರ. (ನಮ್ಮ ಜೈನ ಬಂಧುಗಳು ಬೇಸರ ಮಾಡಿಕೊಳ್ಳಬಾರದು, ಕಥೆ ಕಟ್ಟಿದವರು ಬೌದ್ಧರು.) ಬೇರೆಯವರಿಗೆ ಅಪ್ರಿಯವಾದ ಮಾತನ್ನು ತಥಾಗತ ಆಡುತ್ತಾನೆಯೇ ಎನ್ನುವುದು ಪ್ರಶ್ನೆ. ಹೌದು ಎಂದರೂ ಸಿಕ್ಕಿಬಿದ್ದ, ಇಲ್ಲ ಎಂದರೂ ಸಿಕ್ಕಿಬಿದ್ದ. ಆಗ ಅಭಯನ ತೊಡೆಯ ಮೇಲೆ ಒಂದು ಎಳೆಗೂಸು ಮಲಗಿತ್ತು. ಬುದ್ಧ ಅದನ್ನೇ ತೋರಿಸಿ ಕೇಳುತ್ತಾನೆ: ನೀನೋ ದಾದಿಯೋ ಮೈಮರೆತಾಗ ಈ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ಎಡಗೈಯಲ್ಲಿ ತಲೆ ಹಿಡಿದು, ಬಲಗೈ ಬೆರಳು ಬಾಗಿಸಿ ತೆಗೆಯುತ್ತೇನೆ, ರಕ್ತ ಬಂದರೂ ಸರಿ ಎನ್ನುತ್ತಾನೆ ಅಭಯ, ಯಾಕೆಂದರೆ ನನಗೆ ಇದರ ಮೇಲೆ ಕರುಣೆಯಿದೆ.

ಓದಿ ನಾನು ನಕ್ಕುಬಿಟ್ಟೆ. ಎಡಗೈಯಲ್ಲಿ ತಲೆ, ಬಲಗೈಯಲ್ಲಿ ಬಾಯಿ. ನಾನು ಕಲಿತ ಭಂಗಿಯೇ ಅದು.

ಮುಂದೆ ಬುದ್ಧ ಮಾತುಗಳನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ನಿಜವೋ ಸುಳ್ಳೋ, ಹಿತವೋ ಅಲ್ಲವೋ, ಪ್ರಿಯವೋ ಅಪ್ರಿಯವೋ. ಸುಳ್ಳನ್ನು ಆಡುವುದಿಲ್ಲ. ನಿಜವಾದರೂ ಹಿತವಿಲ್ಲದ್ದನ್ನು ಆಡುವುದಿಲ್ಲ. ನಿಜವೂ ಹಿತವೂ ಆದದ್ದನ್ನು, ಪ್ರಿಯವಿರಲಿ ಅಪ್ರಿಯವಿರಲಿ, ಕಾಲವರಿತು ಆಡುತ್ತಾನೆ. ಈ ಪಟ್ಟಿಯನ್ನು ನಾನು ಪೆನ್ಸಿಲ್ ಹಿಡಿದು ತಾಳೆ ನೋಡಿದೆ. ನಮ್ಮ ಬಾಗಿಲ ಹೊರಗಿನ ಮಾತಿಗೆ, ಅಂದರೆ ಸುಳ್ಳೂ ಆಗಿ ಹಿತವೂ ಆದದ್ದಕ್ಕೆ, ಅದರಲ್ಲಿ ಮನೆಯೇ ಇಲ್ಲ. ಅಂಥದ್ದನ್ನು ಆಡಬಾರದು ಎಂದೂ ಹೇಳಿಲ್ಲ. ಅಂಥದ್ದೊಂದು ಇರಬಹುದು ಎಂದೇ ಎಣಿಸಿಲ್ಲ. ಸದ್ಧರ್ಮಪುಂಡರೀಕದವರು ಆಮೇಲೆ ಆ ಮನೆಯನ್ನು ಕಟ್ಟಿಕೊಂಡರು ಎಂದು ಮಾವನವರ ಅಂಬೋಣ. ಅದು ಪಂಡಿತರ ಜಗಳ. ನನಗೆ ಬೇಕಾದದ್ದು ಆ ಕಾಲವರಿಯುವ ಮಾತು.

ಯಾಕೆಂದರೆ "ನೋವಾಗಲ್ಲ" ಎನ್ನುವುದು ಯಾವಾಗಲೂ ಸುಳ್ಳಲ್ಲ. ಮಗುವಿಗೆ ಒಂದು ವರ್ಷವಾಗಿದ್ದರೆ ಅದು ಅಪ್ಪಟ ನಿಜ. ಮೊದಲ ಹಲ್ಲು ಆರು ತಿಂಗಳ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಕೆಳಗಿನ ಮುಂದಿನ ಸಾಲಿನಲ್ಲಿ, ಹುಟ್ಟುತ್ತದೆ. ಅದು ಹುಟ್ಟಿದ ಆರು ತಿಂಗಳೊಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ, ಒಮ್ಮೆ ಕರೆತನ್ನಿ ಎನ್ನುವುದು ನಮ್ಮ ವೈದ್ಯಶಾಖೆಯ ಸಲಹೆ. ಆ ಭೇಟಿಗೆ ಕುರ್ಚಿಯೂ ಬೇಡ. ನಾನೂ ತಾಯಿಯೂ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತೇವೆ. ಕೂಸು ಅಮ್ಮನ ಕಡೆ ಮುಖ ಮಾಡಿ ಅವಳ ತೊಡೆಯ ಮೇಲೆ ಕೂತು, ಹಿಂದಕ್ಕೆ ಒರಗಿ ನನ್ನ ಮಡಿಲಿಗೆ ತಲೆ ಇಡುತ್ತದೆ. ಸ್ವಲ್ಪ ಅಳುತ್ತದೆ, ಅತ್ತರೆ ಬಾಯಿ ತಾನಾಗಿ ತೆರೆಯುತ್ತದೆ, ನನಗೆ ಅಷ್ಟೇ ಬೇಕು. ಯಶೋದೆಗೆ ಬ್ರಹ್ಮಾಂಡ ಕಂಡಿತಂತೆ, ನನಗೆ ಕಾಣುವುದು ಮಾರಿ ಬಿಸ್ಕತ್ತು. ಅದರಾಚೆ ನೋಡಬೇಕಾದದ್ದು ಮೇಲಿನ ಮುಂದಿನ ಹಲ್ಲುಗಳಲ್ಲಿ ವಸಡಿನ ಅಂಚಿಗೆ ಸುಣ್ಣದ ಗೀಟಿನಂಥ ಬಿಳುಪು ಇದೆಯೇ ಎಂದು. ರಾತ್ರಿ ಬಾಟಲಿ ಹಾಲು ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುವ ಮಕ್ಕಳಲ್ಲಿ ಹುಳುಕು ಶುರುವಾಗುವುದು ಅಲ್ಲಿ. ಆ ಹಂತದಲ್ಲಿ ಬಾಟಲಿ ಬಿಡಿಸಿ, ಹಲ್ಲುಜ್ಜಿಸಿ, ಫ್ಲೋರೈಡ್ ಬಳಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಎರಡು ನಿಮಿಷದ ಕೆಲಸ, ಚುಚ್ಚುವುದು ಕೊರೆಯುವುದು ಏನೂ ಇಲ್ಲ.

"ಎರಡು ಹಲ್ಲಿಗೆ ಡಾಕ್ಟ್ರಾ?" ಎಂದು ಅಜ್ಜಿಯರು ನಗುತ್ತಾರೆ. ಬಿದ್ದುಹೋಗುವ ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಹಿಂದಿನ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡರ ವಯಸ್ಸಿಗೆ. ಅಲ್ಲಿಯವರೆಗೆ ಅನ್ನ ಅಗಿಯುವುದು ಅದರಲ್ಲೇ, ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಆದರೆ ನಾನು ಬೇಗ ಬನ್ನಿ ಎನ್ನುವುದಕ್ಕೆ ಹುಳುಕಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಬೇಗ ಬಂದವರಿಗೆ ಸುಳ್ಳಿನ ಅಗತ್ಯ ಬೀಳುವುದಿಲ್ಲ. ತಡವಾಗಿ ಬರುವುದು ಯಾವ ಮನೆಯಲ್ಲೂ ಪಾಪವೆನಿಸುವುದಿಲ್ಲ, ಆದರೆ ಸತ್ಯ ಕಹಿಯಾಗುವುದು ಆ ತಡದಿಂದಲೇ.

ಸುಳ್ಳಿಗೊಬ್ಬ ಅಣ್ಣನಿದ್ದಾನೆ, ಬೆದರಿಕೆ. "ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ." ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ಅಮ್ಮನನ್ನು ಬೇಡಿಕೊಳ್ಳುವ ಪುರಂದರದಾಸರ ಪದ ನಾವೆಲ್ಲ ಕೇಳಿದ್ದೇವೆ. ಆ ಗುಮ್ಮ ಎಂದೂ ಬರುವವನಲ್ಲ. ನಾನು ಬರುವವಳು, ಎಪ್ರಾನ್ ತೊಟ್ಟು, ಮಾಸ್ಕ್ ಕಟ್ಟಿಕೊಂಡು. ಮನೆಯಲ್ಲಿ ಸೂಜಿಯ ಬೆದರಿಕೆ ಹಾಕಿ ಇಲ್ಲಿಗೆ ಬಂದು ಸೂಜಿ ಇಲ್ಲ ಎಂದರೆ ಯಾವುದನ್ನು ನಂಬಬೇಕು ಆ ಮಗು?

ಸತ್ಯಕ್ಕೆ ನಮ್ಮ ನಾಡಿನ ಉದಾಹರಣೆ ಪುಣ್ಯಕೋಟಿ. ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದು ಅವಳು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಳು ಎಂದು. ಕರುವಿನ ಪಾಲನ್ನು ಯಾರೂ ಎತ್ತಿ ಹೇಳಲಿಲ್ಲ. ದೊಡ್ಡಿಗೆ ಬಂದು ಹಾಲು ಕುಡಿಸಿ, ಮೇಯಲು ಹೋಗಿ ಬರುತ್ತೇನೆ ಎಂದು ನುಣುಚಿಕೊಳ್ಳಬಹುದಿತ್ತು ಅವಳು. ಮಗು ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗುತ್ತಿತ್ತು. ಹಾಗೆ ಮಾಡಲಿಲ್ಲ. ಹೋಗುವುದು ಎಲ್ಲಿಗೆ ಎಂದು ಹೇಳಿದಳು, ನೋಡಿಕೊಳ್ಳುವವರು ಯಾರು ಎಂದು ಏರ್ಪಾಡು ಮಾಡಿದಳು. ಸಾಯಲು ಹೊರಟ ತಾಯಿ ಕರುವಿಗೆ ಹೇಳಬಹುದಾದರೆ, ಒಂದು ಸೂಜಿಯ ವಿಷಯ ನಮಗೆ ಬಾಯಿಗೆ ಬರುವುದಿಲ್ಲವೇ?

ಹಾಗೆಂದು ಇದ್ದದ್ದನ್ನೆಲ್ಲ ಸುರಿಯಬೇಕಾಗಿಲ್ಲ. 1959ರಲ್ಲಿ ಆಡಲ್‌ಸ್ಟನ್ ಎಂಬ ವೈದ್ಯ ಬರೆದಿಟ್ಟ ಕ್ರಮವನ್ನು ಇಂದಿಗೂ ಎಲ್ಲ ಡೆಂಟಲ್ ಕಾಲೇಜುಗಳಲ್ಲಿ ಕಲಿಸುತ್ತಾರೆ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ನೀರು ಹೀರುವ ನಳಿಗೆಯನ್ನು ನಾನು ಆನೆ ಸೊಂಡಿಲು ಎನ್ನುತ್ತೇನೆ. ಹಲ್ಲಿನ ಸುತ್ತ ಹೊದಿಸುವ ರಬ್ಬರ್ ಹಾಳೆ ರೈನ್‌ಕೋಟು. ಇದೂ ಸುಳ್ಳಲ್ಲವೇ ಎಂದು ಮಾವನವರು ಕೆಣಕಿದರು. ಅಲ್ಲ ಎಂದು ನನ್ನ ವಾದ. ಸೊಂಡಿಲು ನೀರನ್ನೇ ಹೀರುತ್ತದೆ, ರೈನ್‌ಕೋಟು ಒದ್ದೆಯನ್ನೇ ತಡೆಯುತ್ತದೆ. ಮಗು ನಾಳೆ ಎಲ್ಲ ತಿಳಿದುಕೊಂಡರೂ ಮೋಸ ಹೋದೆ ಎನ್ನುವುದಿಲ್ಲ. ಸೂಜಿಗೆ ಮಾತ್ರ ಸೊಳ್ಳೆ ಎಂಬ ಹೆಸರಿಡಲು ನನಗೆ ಮನಸ್ಸು ಒಪ್ಪಿಲ್ಲ. "ಮೊದಲು ಮರಗಟ್ಟೋ ಜೆಲ್ ಹಚ್ತೀನಿ. ಆಮೇಲೆ ಚಿವುಟಿದ ಹಾಗಾಗುತ್ತೆ, ನಾನು ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ. ತಡೆಯಕ್ಕಾಗದಿದ್ರೆ ಎಡಗೈ ಎತ್ತು, ನಿಲ್ಲಿಸ್ತೀನಿ." ಕೈ ಎತ್ತಿದಾಗ ನಿಲ್ಲಿಸಲೇಬೇಕು. ಸುಮ್ಮನೆ ಪರೀಕ್ಷೆ ಮಾಡಲೆಂದೇ ಎತ್ತುವ ಕಿಲಾಡಿಗಳಿದ್ದಾರೆ, ಅವರಿಗೂ ನಿಲ್ಲಿಸಬೇಕು.

ಬಲವಂತವೇ ಬೇಡ ಎನ್ನುವಷ್ಟು ಮೆದುವಾದ ಧರ್ಮವನ್ನು ಅಭಯನ ಕಥೆ ಹೇಳುವುದಿಲ್ಲ. ರಕ್ತ ಬಂದರೂ ಸರಿ ಎಂದಿದೆ. ಎರಡು ವರ್ಷದ ಕೂಸು ಬಿದ್ದು ಹಲ್ಲು ಅಲ್ಲಾಡುತ್ತಿದ್ದರೆ, ಕೀವು ತುಂಬಿ ಜ್ವರ ಬಂದಿದ್ದರೆ, ಅಮ್ಮನೂ ನಾನೂ ಸೇರಿ ಹಿಡಿದೇ ಕೆಲಸ ಮುಗಿಸುತ್ತೇವೆ. ಆದರೆ ಕರುಣೆಯ ಹೆಸರಿನಲ್ಲಿ ನಮ್ಮ ವೃತ್ತಿ ಏನೇನು ಮಾಡಿದೆ ಎಂಬುದೂ ನೆನಪಿರಬೇಕು. ಕಿರುಚುವ ಮಗುವಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಸುಮ್ಮನಾಗಿಸುವುದನ್ನು ಒಂದು ವಿಧಾನವೆಂದೇ ಕಲಿಸುತ್ತಿದ್ದರು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಅದನ್ನು ತನ್ನ ಮಾರ್ಗಸೂಚಿಯಿಂದ ಕೈಬಿಟ್ಟದ್ದು 2006ರಲ್ಲಿ.

ಬಗೆಹರಿಯದೆ ಉಳಿದದ್ದು ಒಂದಿತ್ತು. ಸಿರಿಂಜನ್ನು ಮಗುವಿನ ಕಣ್ಣಿಗೆ ಬೀಳದಂತೆ, ಗದ್ದದ ಕೆಳಗಿನಿಂದ ತರಬೇಕೆಂದು ನಮಗೆ ಕಲಿಸುತ್ತಾರೆ. ಹೇಳದೆ ಇರುವುದು ಸುಳ್ಳೇ? ಅಶ್ವತ್ಥಾಮನ ಹೆಸರು ಜೋರಾಗಿ ಹೇಳಿ ಆನೆಯನ್ನು ಮೆಲ್ಲಗೆ ಹೇಳಿದ ಧರ್ಮರಾಯನ ಸಾಲಿಗೆ ನಾನೂ ಸೇರಿದೆನೇ? ಈಚೆಗೆ ಇದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಐದು ದಾಟಿದವರನ್ನು ನೇರ ಕೇಳಿಬಿಡುತ್ತೇನೆ: "ಸೂಜಿ ನೋಡ್ತೀಯಾ, ಕಣ್ಣು ಮುಚ್ಚಿಕೊಳ್ತೀಯಾ?" ಹೆಚ್ಚಿನವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ನೋಡಲೇಬೇಕು ಎನ್ನುವವರಿಗೆ ತೋರಿಸುತ್ತೇನೆ. ಅವರು ಗಂಭೀರವಾಗಿ ಪರಿಶೀಲಿಸಿ, ಇಷ್ಟೇನಾ ಎಂದೋ ಅಬ್ಬಾ ಎಂದೋ ಹೇಳಿ ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಅವರ ಅಪ್ಪಂದಿರು ಫೋನ್ ಬಂತೆಂದು ಹೊರಗೆ ಹೋಗಿರುತ್ತಾರೆ.